ಹಿತ್ತಲಲ್ಲಿ ಕೊಂಕಣಿ, ಸುಂಡಾ ಮತ್ತು ಒಂದು ಬೆನ್ನು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ನಿವೃತ್ತಿಯಾಯಿತೆಂದು ಬಾಯಿ ಸುಮ್ಮನಾಗುವುದಿಲ್ಲ. ಹೂವಿನಹಡಗಲಿಯ ನಮ್ಮ ಮನೆಯಲ್ಲಿ ತಿದ್ದಲು ಉಳಿದಿದ್ದವರು ಯಜಮಾನರೊಬ್ಬರೇ. ಅವರು ತಿದ್ದುವ ಹಂತವನ್ನು ಎಂದೋ ದಾಟಿದ್ದರು. ಹೀಗಿರುವಾಗ ಮಾಳಿಗೆ ಮನೆಗೆ ಸುಂಡಾ ಭಾಷೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದದ್ದು ನನಗೆ ಹಬ್ಬವಾಯಿತು.

ಹುಡುಗಿಯ ಗಂಡ ತಂಬ್ರಹಳ್ಳಿಯವನು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ರಿಪೇರಿ ಅವನ ಕೆಲಸ. ಅದಕ್ಕೂ ಮೊದಲು ಯಾವುದೋ ಯಂತ್ರ ಕೂಡಿಸಲು ಜಾವಾ ದ್ವೀಪಕ್ಕೆ ಹೋಗಿದ್ದಾಗ ಇವಳನ್ನು ಮೆಚ್ಚಿ ಮದುವೆಯಾಗಿದ್ದ. ಆ ದ್ವೀಪದ ಪಶ್ಚಿಮದವರ ಮಾತು ಸುಂಡಾ. ಗಂಡನಿಂದ ಕಲಿತ ಅವಳ ಕನ್ನಡ ಸಣ್ಣ ಸಣ್ಣ ವಾಕ್ಯಗಳದಾದರೂ ಅಪ್ಪಟ ತಂಬ್ರಹಳ್ಳಿಯದು.

ನಮ್ಮದೇ ಹಿತ್ತಲ ಕಡೆಯ ಮನೆಯಲ್ಲಿ ಹತ್ತು ವರ್ಷದಿಂದ ಕೊಂಕಣಿ ಅಮ್ಮ ಬಾಡಿಗೆಗಿದ್ದಾರೆ. ಕುಂದಾಪುರದ ಕಡೆಯವರು, ಮಗಳು ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಮ್ಮನ ಬೆನ್ನು ಬಗ್ಗಿದೆ, ನೆಲದ ಮೇಲೆ ಕಳೆದುಹೋದ ಸೂಜಿ ಹುಡುಕುತ್ತ ನಡೆದಂತೆ ಕಾಣುತ್ತಾರೆ. ಬೆಳಗ್ಗೆ ನಾವಿಬ್ಬರೂ ಮಲ್ಲಿಗೆ ಕಟ್ಟುತ್ತ ಚಹಾ ಕುಡಿದು ಜಗಳಾಡದಿದ್ದರೆ ನನಗೆ ದಿನ ಶುರುವಾದಂತೆಯೇ ಅನಿಸುವುದಿಲ್ಲ.

ಒಂದೇ ಹಿತ್ತಲಲ್ಲಿ ಎರಡು ಭಾಷೆ ಸಿಕ್ಕಿವೆ, ಬಿಡಲಾದೀತೇ? ನೋಟ್‌ಬುಕ್ಕಿನಲ್ಲಿ ನಡುಗೆರೆ ಎಳೆದು ಈ ಕಡೆ ಕೊಂಕಣಿ, ಆ ಕಡೆ ಸುಂಡಾ ಬರೆಯತೊಡಗಿದೆ. ಕಿಟಕಿಗೆ ಇವರದು ಜನೇಲ, ಅವಳದು ಜಂದೇಲಾ. ಪೋರ್ಚುಗೀಸರು ಎರಡೂ ದಡಕ್ಕೆ ಒಂದೇ ಕಿಟಕಿ ಮಾರಿಹೋಗಿದ್ದರು. ಮಾತಿಗೆ ಇವರು ಭಾಸ ಎಂದರೆ ಅವಳು ಬಾಸಾ ಎಂದಳು. ನೀರಿಗೆ ಮಾತ್ರ ಇವರದು ಉದಾಕ, ಅವಳದು ಚಾಯಿ.

"ನಮ್ಮ ಬಸ್‌ಸ್ಟ್ಯಾಂಡ್ ಹೋಟ್ಲಿನವನಿಗೂ ಸುಂಡಾ ಬರ್ತೈತಿ ಹಂಗಾರ" ಅಂದರು ಯಜಮಾನರು.

ಸುಂಡಾದಲ್ಲಿ ಹಿರಿಯರು ಉಣ್ಣುವುದಕ್ಕೆ ಒಂದು ಪದ, ನಾನು ಉಣ್ಣುವುದಕ್ಕೆ ಇನ್ನೊಂದು, ಗೆಳತಿ ಉಣ್ಣುವುದಕ್ಕೆ ಮತ್ತೊಂದು. ಮರ್ಯಾದೆಯ ಪದಗಳಿಗೆಂದೇ ಒಂದು ಪುಟ ಬಿಟ್ಟೆ. ಕೊಂಕಣಿಯಲ್ಲಿ ಅಷ್ಟು ಗೋಜಿಲ್ಲ ಎಂದು ಬರೆದದ್ದನ್ನು ಅಮ್ಮ ಇಣುಕಿ ನೋಡಿದರು.

"ನಮ್ಮಲ್ಲಿ ಮರ್ಯಾದೆ ಇಲ್ಲ ಅಂತ ಬರೆದಿರಾ ಟೀಚರೇ?" ಎಂದರು. ಆಮೇಲೆ ಎರಡು ದಿನ ಚಹಾಕ್ಕೆ ಬರಲಿಲ್ಲ.

ಮೂರನೆಯ ದಿನ ಬಂದವರು ಹೂವು ಮುಟ್ಟದೆ ಹೇಳಿದರು: "ಈ ತಿಂಗಳ ಕಡೆಗೆ ಮನೆ ಬಿಡ್ತೇವೆ. ಮಗಳು ಕೊಟ್ಟೂರಿನಲ್ಲಿ ನೋಡಿ ಬಂದಿದ್ದಾಳೆ."

ನಾನು ಕೈಯಲ್ಲಿದ್ದ ಮಾಲೆ ಕೆಳಗಿಟ್ಟೆ. "ನಾ ಬರದದ್ದಕ್ಕೇನ್ರಿ? ಅದನ್ನ ಹರದು ಒಲಿಗೆ ಹಾಕ್ತೀನಿ ಬಿಡ್ರಿ."

"ನಿಮ್ಮ ಪುಸ್ತಕ ಯಾರಿಗೆ ಬೇಕು? ಮೇಲಿನ ಹುಡುಗಿ ನನ್ನ ಬೆನ್ನನ್ನು ಅಣಕಿಸ್ತಾಳೆ. ಎದುರು ಸಿಕ್ಕಾಗೆಲ್ಲ ನನ್ನ ಹಾಗೇ ಬಗ್ಗಿ ನಡೀತಾಳೆ. ಈಗೀಗ ನನಗಿಂತ ಹೆಚ್ಚು ಬಗ್ಗಿ ತೋರಿಸ್ತಾಳೆ. ಹತ್ತು ವರ್ಷ ಇದ್ದ ಮನೆಯಲ್ಲಿ ಇದನ್ನು ಸಹಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಮರುದಿನ ಬೆಳಗ್ಗೆ ಹಿತ್ತಲ ಬಾಗಿಲ ಮರೆಯಲ್ಲಿ ಕಾದು ನಿಂತೆ. ಅಮ್ಮ ಬಕೆಟ್ ಹಿಡಿದು ನಲ್ಲಿಗೆ ಹೊರಟರು. ಹುಡುಗಿ ಮೆಟ್ಟಿಲಿಳಿದು ಬಂದಳು. ಅಮ್ಮನನ್ನು ಕಂಡದ್ದೇ ಬೆನ್ನು ಬಗ್ಗಿಸಿ, ಬಲಗೈ ನೆಲದತ್ತ ಚಾಚಿ, ಮೊಣಕಾಲು ಮಡಚಿ, ಹೆಚ್ಚುಕಡಿಮೆ ಕುಕ್ಕರುಗಾಲಲ್ಲೇ "ಪುಂಟೆನ್" ಎನ್ನುತ್ತ ದಾಟಿದಳು. ಸಾಕ್ಷಿ ಸಿಕ್ಕಿತು.

"ಏ ಹುಡುಗಿ, ನಿಲ್ಲು. ವಯಸ್ಸಾದೋರನ್ನ ಆಡಿಕೊಳ್ಳಾಕ ನಾಚಿಕಿ ಬರೋದಿಲ್ಲೇನು ನಿನಗ?"

ಅವಳು ಬಗ್ಗಿದಲ್ಲೇ ನಿಂತಳು. ಕಣ್ಣಲ್ಲಿ ನೀರು ತುಂಬಿತು. "ಅಮ್ಮಾರ, ನಮ್ಮೂರಾಗ ದೊಡ್ಡೋರ ಮುಂದ ಬಗ್ಗಿ ಹೋಗಬೇಕ್ರಿ. ಪುಂಟೆನ್ ಅಂದ್ರ ಅಪ್ಪಣಿ ಕೊಡ್ರಿ ಅಂತ. ಆದ್ರ ಈ ಅಮ್ಮಾರು ನನಗ ಬಗ್ತಾರ್ರಿ. ಅಷ್ಟು ದೊಡ್ಡೋರು ಅಷ್ಟು ಬಗ್ಗಿದ್ರ ನಾ ಎಷ್ಟು ಬಗ್ಗಬೇಕು? ದಿನಾ ಇನ್ನಷ್ಟು ಬಗ್ತೀನಿ. ಮೊಣಕಾಲು ನೋಯಾಕತ್ಯಾವ್ರಿ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಎಷ್ಟು ಮಕ್ಕಳ ಜೀವ ತಿಂದಿದ್ದೆನೋ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಕೊಂಕಣಿ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಡಾಕ್ಟರು ಮೂಳೆ ಸವೆದಿದೆ ಅಂದರು. ಮಗಳು ಕ್ಯಾಲ್ಸಿಯಂ ಸಾಲದು ಅಂದಳು. ಸಂತೆಯಲ್ಲಿ ಮಕ್ಕಳು ನಕ್ಕರು. ಈ ಬೆನ್ನನ್ನು ಮರ್ಯಾದೆ ಅಂದುಕೊಂಡವಳು ಇವಳೊಬ್ಬಳೇ ನೋಡಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೆನ್ನು ನೋವು ಐತೇನ್ರಿ ಅಮ್ಮಾರ?" ಹುಡುಗಿ ಬಕೆಟ್ಟಿಗೆ ಕೈ ಹಾಕಿದಳು.

"ಬಿಡು ಬಿಡು, ಮೊದಲು ನಿನ್ನ ಮೊಣಕಾಲು ನೋಡಿಕೋ" ಎಂದು ಅಮ್ಮ ಬಕೆಟ್ ಎಳೆದುಕೊಂಡರು.

ತಪ್ಪಾಯಿತು ಎನ್ನುವುದಕ್ಕೆ ಸುಂಡಾದಲ್ಲಿ ಏನನ್ನುತ್ತಾರೆಂದು ಕೇಳಿದೆ. "ಹಪುಂಟೆನ್" ಎಂದಳು. ನಾನು ಜನ್ಮದಲ್ಲಿ ಯಾರಲ್ಲೂ ತಪ್ಪೊಪ್ಪಿಕೊಂಡವಳಲ್ಲ; ಯಜಮಾನರು ಪೇಪರು ಬಿಟ್ಟು ನೋಡಲು ಬಂದರು. ಹುಡುಗಿಯ ಮುಂದೆ ಸೊಂಟ ಲಟಕ್ಕೆನ್ನುವಂತೆ ಬಗ್ಗಿ, ಬಲಗೈ ಚಾಚಿ, ಹಪುಂಟೆನ್ ಎಂದೆ.

"ಸಾಲದು ಟೀಚರೇ, ಇನ್ನೂ ಸ್ವಲ್ಪ ಬಗ್ಗಿ" ಹಿಂದಿನಿಂದ ಅಮ್ಮನ ದನಿ ಬಂತು.

ಬಗ್ಗಿದೆ. ತಲೆಯೆತ್ತಿ ಕೇಳುವ ಧೈರ್ಯವಿರಲಿಲ್ಲ; ನೆಲ ನೋಡುತ್ತಲೇ ಕೇಳಿದೆ. "ಕೊಟ್ಟೂರಿನ ಮನಿ ಏನ್ ಮಾಡ್ತೀರಿ?"

"ಅಲ್ಲಿ ನನಗೆ ಬಗ್ಗುವವರು ಯಾರುಂಟು?" ಎಂದು ಅಮ್ಮ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟರು.