ಭುಜ ತಾಗಿದ ಗುಂಡು

ಮೊಂಟಾನಾದ ನಮ್ಮ ಕಣಿವೆಯಲ್ಲಿ ನವೆಂಬರ್ ಎಂದರೆ ಎಲ್ಕ್ ತಿಂಗಳು. ಮಂಜು ಗುಡ್ಡದಿಂದ ಇಳಿದು ಬೇಲಿಗಂಬಗಳ ನಡುವೆ ಮೇಯುತ್ತಿರುವ ಹಾಗೆ ಕಾಣುತ್ತದೆ. ಕುದುರೆಯೆತ್ತರದ ಆ ಜಿಂಕೆಗಳು ಅದರೊಳಗಿಂದಲೇ ಬಂದು ಅದರೊಳಕ್ಕೇ ಹೋಗುತ್ತವೆ. ಹುಡುಗನಾಗಿದ್ದಾಗಿನಿಂದ ಅವುಗಳ ಹಿಂದೆ ತಿರುಗಿದವನು ನನ್ನ ತಮ್ಮ ಹಾಲ್ವರ್. ಧಾನ್ಯದ ಗೋದಾಮಿನಲ್ಲಿ ಬದುಕೆಲ್ಲ ಗೋಧಿಯ ದೂಳು ಕುಡಿದ ಅವನ ಎದೆ ಕೊನೆಗೊಮ್ಮೆ ಮುನಿಸಿಕೊಂಡಿತು. ಮನೆಯ ಮೆಟ್ಟಿಲು ಹತ್ತಿದರೂ ಗೋಡೆ ಹಿಡಿದು ನಿಲ್ಲಬೇಕು. ಆಗಿನಿಂದ ಗುಡ್ಡ ಹತ್ತುವುದು ಅವನ ಹೆಂಡತಿ ಆರ್ಡಿಸ್‌ಳ ಪಾಲಾಯಿತು, ತೋಟಾ ತುಂಬುವುದು ಅವನ ಪಾಲಿಗೆ ಉಳಿಯಿತು.

ನೆಲಮಾಳಿಗೆಯ ಪುಟ್ಟ ಕಿಟಕಿಯ ಕೆಳಗೆ ಅವನ ಮೇಜು. ಹಿಂದೆ ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆಯನ್ನು ತೊಳೆದು ಒಣಗಿಸಿ, ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಇಟ್ಟು, ಪ್ರೆಸ್ಸಿನ ಹಿಡಿಯನ್ನು ಕಣ್ಣು ಮುಚ್ಚಿ ಒತ್ತುತ್ತಿದ್ದ. ಗುಂಡು ಹಿತ್ತಾಳೆಯ ಕತ್ತಿನೊಳಗೆ ಎಷ್ಟು ಇಳಿಯಬೇಕು ಎಂಬುದೇ ಅವನ ಧ್ಯಾನ. ಬ್ಯಾರೆಲ್ಲಿನ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಏಣುಗಳಿರುತ್ತವೆ. ಗುಂಡು ಹೆಚ್ಚು ಹೊರಗುಳಿದರೆ ಆ ಏಣುಗಳಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಇಳಿದರೆ ಏಣು ಸಿಗುವ ಮೊದಲು ದೂರ ಹಾರಬೇಕಾಗಿ ಗುರಿ ಚೆದುರಬಹುದು. ನಡುವೆ ಕೂದಲೆಳೆಯಷ್ಟು ಬಯಲು ಇರಬೇಕು ಎನ್ನುತ್ತಿದ್ದ. ಆ ಬಯಲಿನಲ್ಲೇ ಅವನು ಓಡಾಡಿಕೊಂಡಿದ್ದ ಅಂತ ನನಗೆ ಅನ್ನಿಸುತ್ತಿತ್ತು.

ಆರ್ಡಿಸ್ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು. "ಇನ್ನೂ ಎಷ್ಟೊತ್ತೋ ಮುದುಕಾ? ಅಲ್ಲಿ ಎಲ್ಕ್ ಮರಿಗೆ ಮೊಮ್ಮಕ್ಕಳಾದ್ವು!"

"ಹಾರ್ಸೋದು ನಿನ್ ಕೆಲ್ಸ, ಕೂರ್ಸೋದು ನನ್ ಕೆಲ್ಸ. ಸುಮ್ನಿರು."

ಒಂದು ಸಲ ನನ್ನೊಬ್ಬಳಿಗೇ ಹೇಳಿದ್ದ. "ಗುಡ್ಡ ಅವಳದಾಯ್ತು, ಟಿಲ್ಲಿ. ನಂಗೆ ಉಳಿದಿರೋದು ಈ ಮೇಜು. ಇದೂ ಹೋದ್ರೆ ನಾನು ಬರೀ ಮಾಂಸ ತಿನ್ನೋನು."

ಆ ವರ್ಷ ಅಂಗಡಿಯಲ್ಲಿ ಅವನ ಮಾಮೂಲಿ ಗುಂಡು ಸಿಗಲಿಲ್ಲ. ಅಷ್ಟೇ ತೂಕದ ಬೇರೆ ಗುಂಡು ತಂದ. ತೋಟಾದ ಬುಡದಿಂದ ಗುಂಡಿನ ತುದಿಯವರೆಗೆ ಅಳೆದು, ಎಂದಿನ ಉದ್ದಕ್ಕೇ ಕೂರಿಸಿದ. ಆರ್ಡಿಸ್ ಹಿಂದಿನ ಹುಲ್ಲುಗಾವಲಿನಲ್ಲಿ ಕಾಗದಕ್ಕೆ ಹೊಡೆದು ನೋಡಿದಳು. ತೂತುಗಳೆಲ್ಲ ಚಳಿಗೆ ಮುದುರಿದ ಕೋಳಿಮರಿಗಳ ಹಾಗೆ ಒಂದೇ ಕಡೆ ಕೂತಿದ್ದವು. ಹಾಲ್ವರ್ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಬೇಟೆ ಶುರುವಾದ ವಾರ, ನಾನು ಅವರ ಅಡುಗೆಮನೆಯಲ್ಲಿ ಲೆಫ್ಸೆ ರೊಟ್ಟಿಗೆ ಆಲೂಗೆಡ್ಡೆ ಹಿಸುಕುತ್ತಿದ್ದೆ. ಆರ್ಡಿಸ್ ಹೊತ್ತಿಗೆ ಮುಂಚೆಯೇ ಗುಡ್ಡದಿಂದ ಬಂದು, ಹಳೆ ಟವೆಲ್ ಹಾಸಿ ರೈಫಲ್ ಮಲಗಿಸಿದಳು. ಹಾಲ್ವರ್ ಕುರ್ಚಿಯಿಂದಲೇ ಕತ್ತು ಚಾಚಿದ.

"ಗುಂಡು ಬ್ಯಾರೆಲ್ಲೊಳ್ಗೇ ಇದೆ," ಎಂದಳು.

ನಮ್ಮಲ್ಲಿ ತುಂಬಿದ ಕೋವಿ ಹಿಡಿದು ಯಾರೂ ಬೇಲಿ ದಾಟುವುದಿಲ್ಲ. ಮೇಲಿನ ಬೇಲಿಯ ಹತ್ತಿರ ಅವಳು ತೋಟಾ ಹೊರತೆಗೆಯಲು ರೈಫಲ್ಲಿನ ಹಿಂಬದಿಯ ಅಗುಳಿಯನ್ನು, ಅಂದರೆ ಬೋಲ್ಟನ್ನು, ಎಳೆದಿದ್ದಾಳೆ. ಹಿತ್ತಾಳೆ ಬಂತು, ಗುಂಡು ಬರಲಿಲ್ಲ. ಮದ್ದೆಲ್ಲ ಸಾಸಿವೆಯ ಹಾಗೆ ರೈಫಲ್ಲಿನ ಹೊಟ್ಟೆಯೊಳಗೆ ಸುರಿಯಿತು. ಅದೇ ಗಳಿಗೆಗೆ ಕೆಳಗೆ ಮಂಜು ಸರಿದು, ಎಲ್ಕ್‌ಗಳ ಹಿಂಡೊಂದು ಸದ್ದಿಲ್ಲದೆ, ನೀರಿನಲ್ಲಿ ನಡೆಯುವ ಹಾಗೆ ಹಾದುಹೋಯಿತು. ಅವಳು ಕೈಯಲ್ಲಿ ಕಬ್ಬಿಣ ಹಿಡಿದು ನೋಡುತ್ತ ನಿಂತಳು.

"ಬೋಲ್ಟ್ ಜೋರಾಗಿ ಎಳ್ದಿರ್ತೀಯ," ಎಂದ ಹಾಲ್ವರ್.

"ಹೌದ್ ಹೌದು. ಬರೋ ಭಾನುವಾರ ಪಾದ್ರಿ ಹತ್ರ ಮೆಲ್ಲಗೆ ಎಳೆಯೋದು ಕಲ್ತು ಬರ್ತೀನಿ."

ರೈಫಲ್ಲಿನೊಳಗಿನ ಮದ್ದು ಕೊಡವಿ, ಬ್ಯಾರೆಲ್ಲಿನ ಮೂತಿಯಿಂದ ಸಲಾಕೆ ತೂರಿಸಿ ತಟ್ಟಿದ. ಗುಂಡು ಟವೆಲ್ ಮೇಲೆ ಉದುರಿತು. ಅದರ ಸುತ್ತ ಸಣ್ಣ ಹಲ್ಲಿನ ಗುರುತು. ಉಗುರಿನಿಂದ ಸವರಿ ನೋಡಿದ. ಕಾಗದಕ್ಕೆ ಹೊಡೆಯುವಾಗ ತುಂಬಿದ್ದನ್ನೆಲ್ಲ ಹಾರಿಸಿಯೇ ಮುಗಿಸಿದ್ದರು, ಹಾರಿಸದೆ ಹೊರತೆಗೆದು ನೋಡಿದ್ದೇ ಇಲ್ಲ. ಹಾಗಾಗಿ ಗುಂಡು ಏಣುಗಳಿಗೆ ಕಚ್ಚಿಕೊಂಡಿದ್ದು ಗೊತ್ತಾಗಲಿಲ್ಲ.

"ಇನ್ಮೇಲೆ ಅಂಗಡಿ ತೋಟಾ ತಗೋ," ಎಂದು ಕಿಟಕಿಯ ಕಡೆ ತಿರುಗಿ ಕೂತ.

ಆಮೇಲಿನ ದಿನಗಳಲ್ಲಿ ನೆಲಮಾಳಿಗೆಯ ಬಾಗಿಲು ಮುಚ್ಚಿಯೇ ಇತ್ತು. ಮಂಜು ಬರುತ್ತಿತ್ತು, ಹೋಗುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಆರ್ಡಿಸ್ ಗುಡ್ಡಕ್ಕೂ ಹೋಗಲಿಲ್ಲ, ಅಂಗಡಿಗೂ ಹೋಗಲಿಲ್ಲ.

"ಮಾಂಸ ಬೇಡ್ವೇನೇ ಈ ಚಳಿಗಾಲಕ್ಕೆ?" ಎಂದು ಕೇಳಿದೆ.

"ಅಂಗಡೀದು ತಂದ್ರೆ ಎಲ್ಕ್ ಸಿಗತ್ತೆ, ಟಿಲ್ಲಿ. ಆ ಕುರ್ಚೀಲಿ ಕೂತಿರೋನು ವಾಪಸ್ ಸಿಗಲ್ಲ."

ಬೇಟೆಯ ದಿನಗಳು ಮುಗಿಯುತ್ತ ಬಂದವು. ಒಂದು ಮಧ್ಯಾಹ್ನ ಹಾಲ್ವರ್ ಅಂಗಿಯ ಜೇಬಿನಿಂದ ಏನೋ ತೆಗೆದು ಬೆರಳಲ್ಲಿ ಹೊರಳಿಸುತ್ತಿದ್ದ. ಒಂದು ಹಳೆಯ ಗುಂಡು, ಒಂದು ಹೊಸದು. ಎಷ್ಟು ದಿನದಿಂದ ಹಾಗೆ ಹೊರಳಿಸುತ್ತಿದ್ದನೋ.

"ಆರ್ಡಿಸ್, ಬಾ ಇಲ್ಲಿ. ಮೂಗು ನೋಡ್ಬೇಡ, ಭುಜ ನೋಡು. ನಾನು ಮೂಗು ಅಳೆದೆ. ಬ್ಯಾರೆಲ್ಲಿನ ಏಣುಗಳಿಗೆ ತಾಗೋದು ಭುಜ."

ಎರಡನ್ನೂ ಬೆಳಕಿಗೆ ಹಿಡಿದಳು. ತುದಿ ಒಂದೇ ಎತ್ತರ. ಆದರೆ ಹೊಸದು ತುದಿಯಿಂದ ಸ್ವಲ್ಪ ಕೆಳಗೇ ದಪ್ಪಗಾಗಿತ್ತು.

"ಹಳೇದು ನಿನ್ ತಂಗಿ ಥರ, ಇಳಿಜಾರು," ಎಂದ. "ಹೊಸದು ನಿನ್ ಥರ."

"ಹಸು ಕರೆದು ಬಂದಿದ್ದೋ ಈ ಭುಜ. ಏಳು ಮೇಲೆ!"

ಅವನನ್ನು ಹಿಡಿದು ಕೆಳಗಿಳಿಸಿದೆವು. ಮೋಂಬತ್ತಿ ಹಚ್ಚಬೇಕಿತ್ತು, ಮದ್ದಿನ ಡಬ್ಬಿಯನ್ನು ನಾನು ಮೇಲಕ್ಕೆ ಸಾಗಿಸಿದೆ. ಮದ್ದಿಲ್ಲದ ಬರೀ ಹಿತ್ತಾಳೆಗೆ ಗುಂಡು ಕೂರಿಸಿ, ಮೋಂಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿದ. ಏಣು ತಾಗಿದ ಕಡೆ ಮಸಿ ಕೆರೆದುಹೋಗುತ್ತದೆ. ಆರ್ಡಿಸ್ ಅದನ್ನು ರೈಫಲ್ಲಿಗೆ ಹಾಕಿ, ಬೋಲ್ಟ್ ಮುಚ್ಚಿ, ಹುಷಾರಾಗಿ ತೆಗೆದಳು. ಅವನ ಕಣ್ಣೂ ಮಂಕಾಗಿತ್ತು. ಅವಳೇ ನೋಡಿ ಹೇಳಬೇಕಿತ್ತು.

"ಮಸಿ ಕೆರೆದಿದೆ. ಸುತ್ತಲೂ."

ಪ್ರೆಸ್ಸಿನ ತಿರುಪನ್ನು ಚೂರು ತಿರುಗಿಸಿ ಗುಂಡನ್ನು ಇನ್ನಷ್ಟು ಇಳಿಸಿದ. ಮತ್ತೆ ಹೊಗೆ, ಮತ್ತೆ ಬೋಲ್ಟ್.

"ಈಗ?"

"ಇನ್ನೂ ಇದೆ. ಬೆಕ್ಕು ಪರಚಿದ ಹಾಗೆ."

ಕಿಟಕಿಯ ಬೆಳಕು ಬಣ್ಣ ಬದಲಿಸುವವರೆಗೆ ಅವರಿಬ್ಬರೂ ಹಾಗೇ ಇದ್ದರು. ಇವನು ಕೂರಿಸುವುದು, ಅವಳು ನೋಡುವುದು. ಮೋಂಬತ್ತಿಯ ಹೊಗೆ ನೇರವಾಗಿ ಏರಿ ತೊಲೆಗಳಲ್ಲಿ ಕರಗುತ್ತಿತ್ತು. ಕೊನೆಗೊಮ್ಮೆ ಅವಳು ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಏನೂ ಇಲ್ಲ. ಬರೀ ಕಪ್ಪು," ಎಂದಳು. ಅವನು ಅಲ್ಲಿಂದ ಕೂದಲೆಳೆಯಷ್ಟು ಇನ್ನೂ ಇಳಿಸಿ ತಿರುಪು ಬಿಗಿ ಮಾಡಿದ. ಮರುದಿನ ಮದ್ದು ತುಂಬಿದ ತೋಟಾಗಳನ್ನು ಹುಲ್ಲುಗಾವಲಿನಲ್ಲಿ ಹಾರಿಸಿ ನೋಡಿದರು. ಹಾರಿಸದೆ ಹೊರತೆಗೆದೂ ನೋಡಿದರು.

ಕೊನೆಯ ದಿನ ಆರ್ಡಿಸ್ ಗುಡ್ಡಕ್ಕೆ ಹೋದಳು. ನಾನು ಹಾಲ್ವರ್ ಜೊತೆ ಕಿಟಕಿಯ ಬಳಿ ಕೂತೆ. ಹೊರಗೆ ಗುಡ್ಡವೂ ಇರಲಿಲ್ಲ, ಆಕಾಶವೂ ಇರಲಿಲ್ಲ.

"ಈಗ ಬೇಲಿ ಹತ್ರ ಇರ್ತಾಳೆ," ಎಂದ. ಬಹಳ ಹೊತ್ತಿನ ಮೇಲೆ ಆ ಬಿಳುಪಿನೊಳಗಿಂದ ಒಂದು ಸದ್ದು ಬಂತು, ದೂರದಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ. ಹಾಲ್ವರ್ ಉಸಿರು ಹಿಡಿದ. ಎರಡನೆಯದು ಬರಲಿಲ್ಲ.

ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಎಲ್ಕ್ ಬಂತು. ಕೊಟ್ಟಿಗೆಯ ತೊಲೆಗೆ ಕಟ್ಟಿ ಎತ್ತಿದರು. ಹಾಲ್ವರ್ ಕೋಟು ಹಾಕಿಕೊಂಡು, ಹೆಜ್ಜೆಗೊಮ್ಮೆ ನಿಂತು ನಿಂತು ಅಲ್ಲಿಗೆ ಬಂದ.

"ಬೇಲಿ ಹತ್ರ ತೋಟಾ ಮೊಟ್ಟೆ ಥರ ಇಡೀದಾಗಿ ಹೊರಗ್ ಬಂತು," ಎಂದಳು ಆರ್ಡಿಸ್, ಚಾಕು ಮಸೆಯುತ್ತ.

ಅವನು ಎಲ್ಕಿನ ಬೆಚ್ಚನೆಯ ಪಕ್ಕೆಯ ಮೇಲೆ ಅಂಗೈ ಇಟ್ಟು ನಿಂತ. ಆಮೇಲೆ ಹೇಳಿದ. "ಬೆಂಕಿ ಹಾಯ್ದಷ್ಟೂ ಬ್ಯಾರೆಲ್ಲಿನ ಏಣು ಸವೀತದೆ. ಮುಂದಿನ ವರ್ಷ ಮತ್ತೆ ಮಸಿ ಹಿಡಿದು ನೋಡ್ಬೇಕು. ಒಂದೆಳೆ ಹೊರಗೆ ಕೂರಿಸ್ಬೇಕಾಗ್ಬೋದು."

"ಮುಂದಿನ ವರ್ಷದ್ದು ಆಮೇಲೆ. ಈಗ ಈ ಕಾಲು ಹಿಡ್ಕೋ, ಅಲ್ಲಾಡಿಸ್ಬೇಡ."

ಅವನು ಸ್ಟೂಲು ಎಳೆದುಕೊಂಡು ಕೂತು, ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡ.