ಜಗಳವಿಲ್ಲದ ಎರಡು ತಿಂಗಳು

ಬೆಳಿಗ್ಗೆ ಆರೂಕಾಲು. ಗುರುವಾಯನಕೆರೆ ಸಮೀಪದ ಒಳರಸ್ತೆಯಲ್ಲಿ ಪಂಚಾಯತಿನ ಕಸದ ಗಾಡಿ ನಿಂತಿದೆ. ಚಾಲಕಿ ಶಶಿಪ್ರಭಾ ಇಳಿದು ಗೇಟಿಗೆ ಸಿಕ್ಕಿಸಿದ ಚೀಲವನ್ನು ಕೋಲಿನಿಂದ ಮೆತ್ತಗೆ ತಟ್ಟುತ್ತಾರೆ. ಒಳಗೆ ಗಾಜುಗೀಜು ಎಂಥದ್ದೂ ಇಲ್ಲವೆಂದು ಮನೆಯೊಡತಿ ಜಗಲಿಯಿಂದಲೇ ಭರವಸೆ ಕೊಡುತ್ತಾರೆ. ಶಶಿಪ್ರಭಾ ಮತ್ತೊಮ್ಮೆ ತಟ್ಟಿ, ಕಿವಿಗೊಟ್ಟು, ಆಮೇಲೆ ಎತ್ತುತ್ತಾರೆ. ಗಾಜಿನ ಸದ್ದು ಕೇಳಿದರೆ ಚೀಲಕ್ಕೆ ಕೆಂಪು ದಾರ ಕಟ್ಟುತ್ತಾರೆ. ನಾಲ್ಕು ತಿಂಗಳಿಂದ ಹೀಗೆ.

ಶಶಿಪ್ರಭಾ ಅವರಿಗೆ ನಲವತ್ತಾರು. ನಾರಾವಿ ಕಡೆಯವರು. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವರು ಐದು ವರ್ಷದ ಹಿಂದೆ ಸ್ಟಿಯರಿಂಗ್ ಹಿಡಿದರು. ನಮ್ಮ ಮನೆತನದವಳು ಕಸದ ಗಾಡಿ ಓಡಿಸುವುದೇ ಎಂದು ಮೂಗು ಮುರಿದ ನೆಂಟರು ಈಗಲೂ ಮದುವೆಯ ಕರೆಯೋಲೆ ಕೊಡುವಾಗ ಇವರ ಮನೆಯೊಂದನ್ನು ಮರೆಯುತ್ತಾರೆ. ದಿನಕ್ಕೆ ಮುನ್ನೂರ ನಲವತ್ತು ಮನೆ, ಅರುವತ್ತು ಅಂಗಡಿ, ಎರಡು ಟ್ರಿಪ್. ಜೊತೆಗೆ ಕಸ ಬೇರ್ಪಡಿಸುವ ಶೆಡ್ಡಿನ ಮೇಲ್ವಿಚಾರಣೆಯೂ ಇವರದೇ. ಅಲ್ಲಿ ಮೂವರು ಹೆಂಗಸರು: ಹಿರಿಯರಾದ ಸುಂದರಿ, ನಡುವಯಸ್ಸಿನ ಶಹನಾಝ್, ಇಪ್ಪತ್ತಾರರ ನಿಖಿತಾ.

ಶೆಡ್ಡಿಗೆ ಒಂದೇ ಕಟ್ಟಳೆ. ಬಾಗಿಲ ಬಳಿ ಚೀಲ ಬಿಚ್ಚುವವರು ಒಳಗೆ ಅಪಾಯದ ವಸ್ತು ಕಂಡರೆ ಇಡೀ ಮೇಜಿಗೆ ಕೇಳುವಂತೆ ಕೂಗಬೇಕು. ಗಾಜಾದರೆ "ಕುಪ್ಪಿ", ಸಿರಿಂಜಾದರೆ "ಸೂಜಿ". ನಾವು ಮಹನೀಯರು ಅಕ್ಕಿಚೀಲದಲ್ಲಿ ಒಡೆದ ಟ್ಯೂಬ್‌ಲೈಟ್ ತುಂಬಿ, ಮೇಲೆ ಹಳೇ ಬಟ್ಟೆ ಮುಚ್ಚಿ ಕೊಡುತ್ತೇವಲ್ಲ, ಅದಕ್ಕಾಗಿ ಈ ಕೂಗು.

ಈ ವರ್ಷದ ಆರಂಭದಲ್ಲಿ ಸಣ್ಣದೊಂದು ಜಗಳವಾಯಿತು. ಸುಂದರಿ ಬೇರ್ಪಡಿಸಿದ ಪ್ಲಾಸ್ಟಿಕ್ಕನ್ನು ನಿಖಿತಾ ಪಂಚಾಯತ್ ಸದಸ್ಯರ ಎದುರೇ ಮತ್ತೆ ಬಿಚ್ಚಿ ಸರಿ ಮಾಡಿದಳು. ಹನ್ನೊಂದು ವರ್ಷ ಕಸದಲ್ಲಿ ಕೈಯಾಡಿಸಿದ ಸುಂದರಿಗೆ ಅದು ಮುಖಕ್ಕೆ ಹೊಡೆದಂತಾಯಿತು. ಎರಡು ದಿನ ಬೈಗುಳ, ಮೂರನೆಯ ದಿನದಿಂದ ಮಾತಿಲ್ಲ.

ಶಶಿಪ್ರಭಾ ನ್ಯಾಯ ಹೇಳಲು ಹೋಗಲಿಲ್ಲ. ಇಬ್ಬರನ್ನೂ ಮೇಜಿನ ಎರಡು ತುದಿಗೆ ಕೂರಿಸಿ, ನಡುವೆ ಶಹನಾಝ್ ಅವರನ್ನು ಇಟ್ಟರು. ನಿಖಿತಾ ಹೇಳಬೇಕಾದ್ದನ್ನು ಶಹನಾಝ್‌ಗೆ ಹೇಳುವುದು, ಶಹನಾಝ್ ಅದನ್ನು ಸುಂದರಿಗೆ ಮುಟ್ಟಿಸುವುದು. ಮೇಲಿನವರು ಬಂದು ಶೆಡ್ಡು ಎಷ್ಟು ಶಾಂತವಾಗಿದೆ ಎಂದು ಹೊಗಳಿ ಹೋದರು.

"ನನಗೂ ಖುಷಿಯೇ ಆಗಿತ್ತು. ಜಗಳ ಮುಗೀತು ಅಂತ ಎಣಿಸಿದೆ," ಎನ್ನುತ್ತಾರೆ ಶಶಿಪ್ರಭಾ.

ಎರಡು ತಿಂಗಳು ಕಳೆದ ಒಂದು ಗುರುವಾರ ಶಹನಾಝ್ ರಜೆ ಹಾಕಿದರು. ಅದು ಗೊತ್ತಿದ್ದೂ ಶಶಿಪ್ರಭಾ ಉಳಿದಿಬ್ಬರನ್ನು ಬಿಟ್ಟು ಎರಡನೇ ಟ್ರಿಪ್ಪಿಗೆ ಹೊರಟರು. ನಿಖಿತಾ ಒಂದು ಚೀಲ ಬಿಚ್ಚಿದಳು. ಒಳಗೆ ಗಾಜು ಕಂಡಿತು. ಕೂಗದೆ ಚೀಲವನ್ನು ಮುಂದಕ್ಕೆ ತಳ್ಳಿದಳು. ಸುಂದರಿ ಕೈ ಹಾಕಿದರು. ತೆಳು ಗ್ಲೌಸ್ ಯಾವ ಲೆಕ್ಕ? ಬಲಗೈ ಹೆಬ್ಬೆರಳಿನ ನರ ತುಂಡಾಯಿತು. ಮಂಗಳೂರಿನಲ್ಲಿ ಆಪರೇಷನ್ ಆದರೂ ಬೆರಳು ಇನ್ನೂ ಮಡಚುವುದಿಲ್ಲ.

ಯಾಕೆ ಕೂಗಲಿಲ್ಲ ಎಂದು ಕೇಳಿದಾಗ ನಿಖಿತಾ ಅಂದದ್ದು ಇಷ್ಟು: "ಶಹನಾಝಕ್ಕ ಇರ್ತಿದ್ರೆ ಹೇಳ್ತಿದ್ದೆ."

ಕೇಳುವವರಿಗೆ ಮೈ ಉರಿಯುವ ಮಾತು. ನನಗೂ ಉರಿಯಿತು. ಆದರೆ ಆ ಹುಡುಗಿ ಕೆಲಸ ಬಿಟ್ಟು ಓಡಿಲ್ಲ. ಈಗ ಚೀಲದಲ್ಲಿ ಕಂಡದ್ದನ್ನೆಲ್ಲ ಕೂಗುತ್ತಾಳೆ. ಹಾಲಿನ ಪ್ಯಾಕೆಟ್, ಚಪ್ಪಲಿ, ರಟ್ಟು. ಸಾಕು ಮಾಡೆಂದು ಶಹನಾಝ್ ಹೇಳಿದರೂ ನಿಲ್ಲಿಸುವುದಿಲ್ಲ. ಮೇಜಿನ ಆಚೆ ತುದಿಯಲ್ಲಿ ಸುಂದರಿಯ ಸ್ಟೂಲು ಖಾಲಿ ಇದೆ. ಬೇರೆಯವರನ್ನು ನೇಮಿಸುವಂತೆ ಒತ್ತಡವಿದೆ. ಈ ತಿಂಗಳ ಕೊನೆಯವರೆಗೆ ಕಾಯಿರಿ ಎಂದು ಶಶಿಪ್ರಭಾ ಕೈಮುಗಿದಿದ್ದಾರೆ.

"ಗಾಜು ತುಂಬಿಸಿದವರು ಯಾರೋ. ಕೂಗದ್ದು ಅವಳು. ಆದ್ರೆ ಕೂಗದೆಯೂ ಕೆಲಸ ನಡೀತದೆ ಅಂತ ಕಲಿಸಿದ್ದು ನಾನಲ್ವಾ?" ಎಂದು ಅವರು ಕೇಳುತ್ತಾರೆ.

ಪ್ರತಿ ಭಾನುವಾರ ಅವರು ಸುಂದರಿಯ ಮನೆಗೆ ಹೋಗುತ್ತಾರೆ. ಸುಂದರಿ ಎಡಗೈಯಲ್ಲಿ ಚಹಾ ಕೊಡುತ್ತಾರೆ, ಗಾಡಿಯ ಬ್ರೇಕ್ ಸರಿಯಾಯಿತಾ ಎಂದು ವಿಚಾರಿಸುತ್ತಾರೆ. ಕೆಲಸಕ್ಕೆ ಬರುತ್ತೇನೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ಆ ದಿನದ ಸುದ್ದಿ ಎತ್ತುವುದೇ ಇಲ್ಲ.

ಏನಾದರೂ ಆಸೆ ಉಂಟಾ ಎಂದು ಶಶಿಪ್ರಭಾ ಅವರಲ್ಲಿ ಕೇಳಿದೆ. ಹೊಸ ಗಾಡಿ, ಒಳ್ಳೆಯ ಗ್ಲೌಸ್ ಎನ್ನಬಹುದೆಂದುಕೊಂಡಿದ್ದೆ. ಶಶಿಪ್ರಭಾ ಕೋಲನ್ನು ಸೀಟಿನ ಹಿಂದೆ ಇಟ್ಟು ಗಾಡಿ ಸ್ಟಾರ್ಟ್ ಮಾಡಿದರು.

"ಸುಂದರಕ್ಕ ಒಮ್ಮೆ ನನಗೆ ಬೈಯಬೇಕು ಮಾರಾಯ್ರೆ. ಬಾಯಿ ತುಂಬ."