ಬಟ್ಟೆಗಂಟಿದ ಕೊನೆಯ ಹಾಳೆ

ಬೆಳಗಿನ ಐದು ಗಂಟೆ. ಟೋಕಿಯೊದ ಫುನಾಬೊರಿಯಲ್ಲಿ ಆರನೇ ಮಹಡಿಯ ಅಡುಗೆಮನೆ. ದೇವರ ದೀಪ ಹಚ್ಚಿದ ಕೈಯಲ್ಲೇ ವೇದವಲ್ಲಿ ಒಲೆ ಹಚ್ಚುತ್ತಾರೆ. ಪಾತ್ರೆಯಲ್ಲಿ ಗೋಧಿಹಾಲು, ಕೈಯಲ್ಲಿ ಮರದ ಸೌಟು, ನಾಲಿಗೆಯ ಮೇಲೆ ನಾಮಜಪ. ಸಾವಿರದೆಂಟು ಆಗುವಷ್ಟರಲ್ಲಿ ಹಾಲು ಗಟ್ಟಿಯಾಗಿ, ಹೊಳಪು ಬಂದು, ತಳ ಬಿಡುತ್ತದೆ. ಅವರಿಗೆ ಗಡಿಯಾರ ಬೇಕಿಲ್ಲ.

"ವೇದಾ, ಒಂದಚ್ಚು ಬೆಲ್ಲ ಹಾಕಿದ್ರೆ ಹಾಲುಬಾಯಿ ಆಗೋಗತ್ತೆ. ದಿನಾ ಈ ವಾಸನೆ ತೋರ್ಸಿ ಅವಲಕ್ಕಿ ಕೊಡ್ತೀಯ" ಎನ್ನುತ್ತಾರೆ ಪತಿ ಗುರುರಾಜ.

"ನಿಮಗೆ ಭಾನುವಾರ ರೀ. ಇದು ಕನ್ಸಲ್ ಸಾಹೇಬ್ರಿಗೆ."

ಆ ಸಾಹೇಬರು ತೀರಿಕೊಂಡು ನೂರು ವರ್ಷದ ಮೇಲಾಯಿತು. ಯೊಕೊಹಾಮಾದಲ್ಲಿ ಅಮೆರಿಕದ ಕನ್ಸಲ್ ಆಗಿದ್ದ ಅವರು ೧೮೭೦ರ ದಶಕದಲ್ಲಿ ವಾಷಿಂಗ್ಟನ್ನಿಗೆ ಬರೆದ ಕಾಗದಗಳ ನಕಲು ಪುಸ್ತಕವೊಂದು ಅದೇ ಊರಿನ ಚಿಕ್ಕ ಖಾಸಗಿ ದಾಖಲೆಮನೆಯಲ್ಲಿದೆ. ನಾನ್ನೂರ ಹನ್ನೆರಡು ಹಾಳೆ, ಒಂದೊಂದೂ ಈರುಳ್ಳಿ ಸಿಪ್ಪೆಯಷ್ಟು ತೆಳು. ಎಂದೋ ನೀರು ಕುಡಿದು ಇಟ್ಟಿಗೆಯಂತೆ ಅಂಟಿಕೊಂಡಿದ್ದ ಅದನ್ನು ವೇದವಲ್ಲಿ ನಾಲ್ಕು ವರ್ಷದಿಂದ ಬಿಡಿಸುತ್ತಿದ್ದಾರೆ. ಒಳ್ಳೆಯ ವಾರಕ್ಕೆ ಮೂರು ಹಾಳೆ. ಕೆಲವು ವಾರ ಅರ್ಧ. ಬಿಡಿಸಿದ ಹಾಳೆಯ ಬೆನ್ನಿಗೆ ಬೆಳಗ್ಗೆ ಕಾಯಿಸಿದ ಆ ಗೋಧಿಯಂಟಿನಿಂದ ಜಪಾನಿ ಕಾಗದದ ಆಸರೆ ಕೊಡುತ್ತಾರೆ. ಹಾಳೆ ಒಣಗಿ ಸೀಳೀತೆಂದು ಚಳಿಗಾಲದಲ್ಲೂ ಹೀಟರ್ ಹಾಕುವಂತಿಲ್ಲ.

ಮೈಸೂರಿನಿಂದ ಗಂಡನ ಹಿಂದೆ ಬಂದಾಗ ಅವರಿಗೆ ಜಪಾನಿ ಭಾಷೆಯಲ್ಲಿ ಗೊತ್ತಿದ್ದದ್ದು ಕ್ಷಮಿಸಿ ಎನ್ನುವ 'ಸುಮಿಮಾಸೆನ್' ಒಂದೇ. ಕೊಂಬಿನಿ ಅಂಗಡಿಯಲ್ಲಿ ಉಪ್ಪು ಕೇಳಲಾಗದೆ ಸಕ್ಕರೆ ತಂದದ್ದುಂಟು. ದಾಖಲೆಮನೆಯಲ್ಲಿ ಹೊತ್ತು ಕಳೆಯಲು ಧೂಳು ಒರೆಸುವ ಕೆಲಸಕ್ಕೆ ಸೇರಿದರು. ಹಾಳೆ ಮುಟ್ಟಿದ ಕೈಯನ್ನು ಆಕೆ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡ ಹಿರಿಯ ಕುಶಲಕರ್ಮಿ ಒಕುಮುರಾ ಸಾನ್ ತಮ್ಮ ಪಕ್ಕದಲ್ಲೊಂದು ಕುರ್ಚಿ ಹಾಕಿಸಿದರು.

ಮೊದಲ ತಿಂಗಳೇ ತಪ್ಪಾಯಿತು. ಹುಳ ಹಿಡಿಯದಿರಲಿ, ಮಂಗಳವೂ ಆಗಲಿ ಎಂದು ವೇದವಲ್ಲಿ ಅಂಟಿಗೆ ಚಿಟಿಕೆ ಅರಿಶಿನ ಬೆರೆಸಿದರು. ಪುಣ್ಯಕ್ಕೆ ಅದು ಅಭ್ಯಾಸದ ಹಾಳೆ. ಬೆಳಗಾಗುವಷ್ಟರಲ್ಲಿ ಮದುವಣಗಿತ್ತಿಯ ಕೆನ್ನೆಯಾಗಿತ್ತು. ಒಕುಮುರಾ ಸಾನ್ ಬೈಯಲಿಲ್ಲ. ಹಳೆಯ ಸುರುಳಿಚಿತ್ರ ಸುತ್ತಿಡುವ ಹಳದಿ ಬಟ್ಟೆ ತಂದು ಮೂಸಿ ನೋಡಲು ಕೊಟ್ಟರು. ಅದೂ ಅರಿಶಿನದ್ದೇ! ಹೊರಗೆ ಹೊದಿಸಬೇಕು, ಒಳಗೆ ಹಾಕಬಾರದು ಎಂದರಂತೆ.

ಇವತ್ತು ಮಾರ್ಚ್ ಮೂವತ್ತೊಂದು, ಜಪಾನಿನಲ್ಲಿ ಕಚೇರಿಯ ವರ್ಷ ಮುಗಿಯುವ ದಿನ. ಪುಸ್ತಕವನ್ನು ಇದ್ದ ಹಾಗೆಯೇ ಪೆಟ್ಟಿಗೆಗೆ ಸೇರಿಸಿ ಮುಚ್ಚಬೇಕೆಂದು ಆಡಳಿತದವರ ಆದೇಶ. ಉಳಿದಿರುವುದು ಕೊನೆಯ ಒಂದೇ ಹಾಳೆ. ಅದು ಹೊದಿಕೆಯ ರಟ್ಟಿನ ಒಳಮೈಗೆ ಹಚ್ಚಿದ ಬಟ್ಟೆಗೆ ಮುಖ ಕೊಟ್ಟು ಅಂಟಿದೆ. ಒಕುಮುರಾ ಸಾನ್ ಬಿದಿರಿನ ಅಲಗು ಹಾಕಿ ನೋಡಿ ಎರಡು ಸಲ ಕೈಬಿಟ್ಟಿದ್ದಾರೆ.

ಆ ಹಾಳೆಗಾಗಿ ಮೂಲೆಯ ಬೆಂಚಿನಲ್ಲಿ ಎಂಬತ್ತೆಂಟರ ಹತ್ಸುಏ ಸಾನ್ ಕಾದು ಕುಳಿತಿದ್ದಾರೆ. ಒಡೆದ ಹಡಗಿನ ನಾವಿಕರನ್ನು ಕಾಪಾಡಬೇಕೆಂಬುದು ಅಮೆರಿಕಕ್ಕೂ ಜಪಾನಿಗೂ ಆದ ಮೊದಲ ಒಪ್ಪಂದದಲ್ಲೇ ಇತ್ತು. ಮೀನುಗಾರನಾಗಿದ್ದ ತನ್ನ ಮುತ್ತಜ್ಜ ಕಿಸಬುರೊ ಹಾಗೆ ಏಳು ಅಮೆರಿಕನ್ನರನ್ನು ಉಳಿಸಿದನೆಂದು ಅಜ್ಜಿ ಹೇಳಿದ ಕತೆಯನ್ನು ಆಕೆ ಶಾಲೆಯಲ್ಲಿ ಹೇಳಿದಾಗ ಯುದ್ಧಕಾಲ. ಶತ್ರುವಿನ ನೆಂಟಳೆಂದು ಹೀಯಾಳಿಸಿದರು. ಯುದ್ಧ ಸೋತು ಅಮೆರಿಕದ ಸೈನಿಕರು ಬಂದಿಳಿದ ಮೇಲೆ ಹೇಳಿದರೆ, ಅವರನ್ನು ಮೆಚ್ಚಿಸಲು ಕಟ್ಟಿದ ಕತೆ ಎಂದು ನಕ್ಕರು. ಪುಸ್ತಕದ ಮೊದಲಲ್ಲಿರುವ ವಿಷಯಸೂಚಿ ಮಾತ್ರ ಹೇಳುತ್ತದೆ: ನಾವಿಕರನ್ನು ಉಳಿಸಿದ ಮೀನುಗಾರರು, ಪುಟ ೪೧೨. ವಾಷಿಂಗ್ಟನ್ನಿಗೆ ಹೋದ ಮೂಲ ಕಾಗದ ಹುಡುಕಿದವರಿಗೆ ಸಿಕ್ಕಿಲ್ಲ.

ವೇದವಲ್ಲಿ ಅಲಗನ್ನು ಪಕ್ಕಕ್ಕಿಡುತ್ತಾರೆ. "ನಮ್ಮಲ್ಲಿ ಬಟ್ಟೆ ಮೇಲೆ ಸಂಡಿಗೆ ಇಡ್ತೀವಿ, ಒಕುಮುರಾ ಸಾನ್. ಒಣಗಿದ ಮೇಲೆ ಸಂಡಿಗೆ ಕೀಳಕ್ಕೆ ಹೋದ್ರೆ ಪುಡಿ ಆಗತ್ತೆ. ಬಟ್ಟೆ ತಿರುಗಿಸಿ, ಹಿಂದ್ಗಡೆ ನೀರು ಚಿಮುಕಿಸಿ, ಬಟ್ಟೇನ ಎಳೀಬೇಕು. ಸಂಡಿಗೆ ಇದ್ದಲ್ಲೇ ಇರತ್ತೆ." ಇದನ್ನು ಮುರುಕು ಜಪಾನಿಯಲ್ಲಿ, ಮಿಕ್ಕದ್ದನ್ನು ಕೈಸನ್ನೆಯಲ್ಲಿ ತಿಳಿಸುತ್ತಾರೆ. ಒಕುಮುರಾ ಸಾನ್ ಬಾಗಿ ಹಾಳೆಯ ಅಂಚನ್ನು ಮತ್ತೊಮ್ಮೆ ನೋಡುತ್ತಾರೆ. ನೀರು ಹೆಚ್ಚಾದರೆ ಶಾಯಿ ಕದಡಿ ಹೆಸರೇ ಹೋದೀತು. ಕೊನೆಗೆ ಒಪ್ಪಿ ತಲೆಯಾಡಿಸಿ ಹಿಂದೆ ಸರಿದು ನಿಲ್ಲುತ್ತಾರೆ.

ವೇದವಲ್ಲಿ ಮೊದಲು ರಟ್ಟನ್ನು ಪದರಪದರವಾಗಿ ತೆಗೆಯುತ್ತಾರೆ. ಬಟ್ಟೆಯ ಬೆನ್ನು ಕಾಣುತ್ತದೆ. ನೀರು ಚಿಮುಕಿಸುವುದಿಲ್ಲ, ತೇವದ ಕಾಗದವನ್ನಷ್ಟೇ ಬಟ್ಟೆಗೆ ಒತ್ತಿ ಹಿಡಿಯುತ್ತಾರೆ, ಜ್ವರದ ಮಗುವಿನ ಹಣೆಗೆ ಹಿಡಿದಂತೆ. ತುಟಿ ಮತ್ತೆ ಜಪಕ್ಕೆ ತೊಡಗುತ್ತದೆ. ಒಂದು ಮೂಲೆ ಬಿಡುತ್ತದೆ. ಬಟ್ಟೆಯನ್ನು ಅದರ ಮೈಮೇಲೇ ಮಡಿಸುತ್ತ, ಬೆರಳಗಲ, ಬೆರಳಗಲ, ಎರಡೂವರೆ ಗಂಟೆ ಎಳೆಯುತ್ತಾರೆ. ಹಾಳೆ ಮಲಗಿದಲ್ಲೇ ಮಲಗಿದೆ.

ಒಕುಮುರಾ ಸಾನ್ ಕನ್ನಡಕ ಏರಿಸಿ, ಬೆರಳನ್ನು ಗಾಳಿಯಲ್ಲೇ ಓಡಿಸುತ್ತ ಓದಿ ಹೇಳುತ್ತಾರೆ: ಮೂವರು ಮೀನುಗಾರರು ಬಿರುಗಾಳಿಯಲ್ಲಿ ದೋಣಿ ನೂಕಿದರು, ಏಳು ಮಂದಿಯನ್ನು ದಡ ಸೇರಿಸಿ, ಹತ್ತು ದಿನ ಗಂಜಿ ಕೊಟ್ಟು ಸಾಕಿದರು, ಅಮೆರಿಕದ ಅಧ್ಯಕ್ಷರು ಇವರನ್ನು ಸನ್ಮಾನಿಸಬೇಕು. ಕೆಳಗೆ ಮೂರು ಹೆಸರು. ಎರಡನೆಯದು ಕಿಸಬುರೊ.

ಹತ್ಸುಏ ಸಾನ್ ಎದ್ದು ನಿಂತು ಹಾಳೆಗೆ ಸೊಂಟ ಬಾಗಿಸಿ ವಂದಿಸುತ್ತಾರೆ. ನೆಟ್ಟಗಾಗುವಾಗ ಅವರ ಮುಖದಲ್ಲಿ ತುಂಟತನ. "ನಕ್ಕವರೆಲ್ಲ ಈಗ ಸ್ಮಶಾನದಲ್ಲಿದ್ದಾರೆ. ಪರವಾಗಿಲ್ಲ, ಅಲ್ಲಿಗೇ ಹೋಗಿ ಓದಿ ಹೇಳಿ ಬರ್ತೀನಿ." ಒಕುಮುರಾ ಸಾನ್ ನಗುವುದನ್ನು ವೇದವಲ್ಲಿ ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳುತ್ತಾರೆ.

ಹತ್ಸುಏ ಸಾನ್ ಕೃತಜ್ಞತೆಯ ಅರಿಗಾತೋ ಹೇಳಲು ತಿರುಗಿದರೆ ವೇದವಲ್ಲಿ ಅಲ್ಲಿಲ್ಲ. ಕಿಟಕಿಯ ಬಳಿ ಸುಲಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ಪರೀಕ್ಷಿಸುತ್ತಿದ್ದಾರೆ. ಏನು ನೋಡುತ್ತಿದ್ದೀರಿ ಎಂದು ಒಕುಮುರಾ ಸಾನ್ ಕೇಳಿದ್ದಕ್ಕೆ ಬಟ್ಟೆಯನ್ನು ಮುಂದಕ್ಕೆ ಚಾಚುತ್ತಾರೆ.

"ನೀವೇ ನೋಡಿ. ಇದ್ರಲ್ಲಿ ಒಂದಕ್ಷರಾನೂ ಉಳ್ಕೊಂಡಿಲ್ಲ. ಎಲ್ಲಾ ಹಾಳೇಲೇ, ಅವ್ರ ಮುತ್ತಜ್ಜನ ಹತ್ರಾನೇ ಇದೆ."